ಕೀಲಿಮಣೆಯ ಮೇಲೇ ಇದೆ ಕೀಲಿ

ನಮ್ಮ ಕಡೆ ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಮದ್ದು ಒಂದೇ: ‘ಫಾರ್ಮ್ಯಾಟ್ ಹೊಡಿಸಿಬಿಡು’. ಆನ್ ಆಗಲು ಹತ್ತು ನಿಮಿಷ ಬೇಕೇ? ಫಾರ್ಮ್ಯಾಟ್. ನೀಲಿ ಪರದೆ ಬಂತೇ? ಫಾರ್ಮ್ಯಾಟ್. ಪಾಸ್‌ವರ್ಡ್ ಮರೆತುಹೋಯಿತೇ? ಅದಕ್ಕೂ ಫಾರ್ಮ್ಯಾಟ್. ನ್ಯಾಮತಿಯಿಂದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತುವ ಎಷ್ಟೋ ಮಂದಿಯನ್ನು ನಾನು ದಿನಾ ನೋಡುತ್ತೇನೆ. ಅಂಗಡಿಯಲ್ಲಿ ಕೊಟ್ಟು ಬಂದು, ಎರಡು ದಿನ ಬಿಟ್ಟು ಮತ್ತೆ ಹೋಗಿ, ದುಡ್ಡು ಕೊಟ್ಟು ತಂದರೆ ಯಂತ್ರ ಹೊಸದರ ಹಾಗೆ ಓಡುತ್ತದೆ. ಆದರೆ ಅಕ್ಕನ ಮದುವೆಯ ಫೋಟೊ, ಅಪ್ಪ ಬರೆದಿಟ್ಟ ಅಡಿಕೆಯ ಲೆಕ್ಕ, ತಮ್ಮನ ಪ್ರಾಜೆಕ್ಟ್ ರಿಪೋರ್ಟು ಯಾವುದೂ ಇರುವುದಿಲ್ಲ. ‘ಬ್ಯಾಕಪ್ ಇಟ್ಕೊಂಡಿರಲಿಲ್ವಾ?’ ಎಂದು ಅಂಗಡಿಯವರು ಕೇಳುತ್ತಾರೆ. ನಮ್ಮಲ್ಲಿ ಉತ್ತರವಿರುವುದಿಲ್ಲ.

ನಾನು ಊರಿನಿಂದ ಓಡಾಡಿಕೊಂಡು ಬಿಇ ಓದುತ್ತಿರುವವಳು. ನನ್ನ ವಾದ ದೊಡ್ಡದೇನಲ್ಲ. ಕಂಪ್ಯೂಟರಿನ ಪವರ್ ಗುಂಡಿ ಒತ್ತಿದ ಮೊದಲ ಎರಡು–ಮೂರು ಸೆಕೆಂಡಿನಲ್ಲಿ ಒತ್ತಬೇಕಾದ ಒಂದು ಕೀ ಇದೆ. ಅದನ್ನು ಒತ್ತಿದರೆ ಯಂತ್ರ ತನ್ನ ಒಳಗಿನ ಹಾರ್ಡ್ ಡಿಸ್ಕನ್ನು ಬಿಟ್ಟು, ನಾವು ಕೊಟ್ಟ ಸಿಡಿಯಿಂದಲೋ ಪೆನ್‌ಡ್ರೈವ್‌ನಿಂದಲೋ ಎದ್ದು ಕೂರುತ್ತದೆ. ಇಷ್ಟು ಗೊತ್ತಿದ್ದರೆ ಶಿವಮೊಗ್ಗದ ಬಸ್ಸಿನ ಅರ್ಧದಷ್ಟು ಪ್ರಯಾಣ ಬೇಡ. ಇದನ್ನು ಹೈಸ್ಕೂಲಿನಲ್ಲೇ ಕಲಿಸಬೇಕು. ಎಂಜಿನಿಯರಿಂಗ್ ಓದುವವರಿಗಂತೂ ಇದು ಗೊತ್ತಿಲ್ಲದಿದ್ದರೆ ಪದವಿ ಕೊಡಬಾರದು!

ಮೊದಲು ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಪವರ್ ಗುಂಡಿ ಒತ್ತಿದ ತಕ್ಷಣ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಓಡುವುದಿಲ್ಲ. ಆ ಹೊತ್ತಿಗೆ ಮೆಮೊರಿ ಖಾಲಿ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕೂತಿರುವ ಪುಟ್ಟ ಪ್ರೋಗ್ರಾಂ ಮೊದಲು ಎಚ್ಚರಗೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಇದರ ಹೆಸರು ಬಯೋಸ್. ಈಗಿನವುಗಳಲ್ಲಿ ಯುಇಎಫ್‌ಐ. ಬೆಳಿಗ್ಗೆ ಎದ್ದವರು ಕೈಕಾಲು ಆಡಿಸಿ ನೋಡಿಕೊಂಡ ಹಾಗೆ ಅದು ಮೆಮೊರಿ ಇದೆಯೇ, ಕೀಬೋರ್ಡ್ ಇದೆಯೇ, ಡಿಸ್ಕ್ ಇದೆಯೇ ಎಂದು ಪರೀಕ್ಷಿಸುತ್ತದೆ. ಎಲ್ಲವೂ ಸರಿಯಿದ್ದರೆ ತನ್ನ ಪಟ್ಟಿಯನ್ನು ತೆಗೆದು, ‘ಯಾವ ಡಿಸ್ಕಿನಿಂದ ಶುರು ಮಾಡಲಿ?’ ಎಂದು ನೋಡುತ್ತದೆ. ಪಟ್ಟಿಯಲ್ಲಿ ಮೊದಲು ಹಾರ್ಡ್ ಡಿಸ್ಕ್ ಇದ್ದರೆ ಅಲ್ಲಿಗೆ ಹೋಗುತ್ತದೆ. ಹಳೆಯ ಬಯೋಸ್ ಆದರೆ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಮಾತ್ರ ಓದಿ ಮೆಮೊರಿಗೆ ಹಾಕಿ, ‘ಇನ್ನು ನೀನೇ ನೋಡಿಕೋ’ ಎಂದು ಅದರ ಕೈಗೆ ಒಪ್ಪಿಸುತ್ತದೆ. ಆ 512 ಬೈಟಿನ ತುಣುಕು ತನಗಿಂತ ದೊಡ್ಡ ಪ್ರೋಗ್ರಾಮನ್ನು ಕರೆಯುತ್ತದೆ, ಅದು ಇನ್ನೂ ದೊಡ್ಡದನ್ನು ಕರೆಯುತ್ತದೆ. ಕೊನೆಗೆ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಬರುತ್ತದೆ. ಯುಇಎಫ್‌ಐ ಆದರೆ ಡಿಸ್ಕಿನಲ್ಲಿ ಇದಕ್ಕೆಂದೇ ಇಟ್ಟ ಸಣ್ಣ ಭಾಗದಿಂದ ಬೂಟ್ ಕಡತವನ್ನು ಹುಡುಕಿ ಓಡಿಸುತ್ತದೆ. ಕಾಲಿನ ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಂಡಂತೆ ಎಂಬ ಹೋಲಿಕೆಯಿಂದ ಈ ಕೆಲಸಕ್ಕೆ ‘ಬೂಟ್’ ಎಂಬ ಹೆಸರು ಬಂತು.

ನಮಗೆ ಬೇಕಾದ್ದು ಆ ಪಟ್ಟಿ. ಅದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಕೀ ಒತ್ತಿದರೆ ಯಂತ್ರ ನಿಂತು, ‘ಸರಿ, ನೀವೇ ಹೇಳಿ’ ಎಂದು ಪಟ್ಟಿಯನ್ನು ನಮ್ಮ ಮುಂದಿಡುತ್ತದೆ. ಇದೇ ಬೂಟ್ ಮೆನು. ಡೆಲ್ ಲ್ಯಾಪ್‌ಟಾಪಿನಲ್ಲಿ ಎಫ್12. ಲೆನೊವೊದ ಹೆಚ್ಚಿನ ಮಾದರಿಗಳಲ್ಲೂ ಎಫ್12. ಎಚ್‌ಪಿಯಲ್ಲಿ ಮೊದಲು ಎಸ್ಕೇಪ್, ಆಮೇಲೆ ಎಫ್9. ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಎಷ್ಟೋ ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಸೆಟಪ್‌ಗೆ ಹೋಗಿ ಆ ಮೆನುವಿಗೆ ಅನುಮತಿ ಕೊಡಬೇಕು. ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡ್ ಯಾರದೆಂದು ನೋಡಬೇಕು: ಗಿಗಾಬೈಟ್ ಆದರೆ ಎಫ್12, ಎಂಎಸ್‌ಐ ಆದರೆ ಎಫ್11, ಏಸಸ್ ಆದರೆ ಎಫ್8. ಇಂಟೆಲ್ ಚಿಪ್ಪಿನ ಮ್ಯಾಕ್ ಆದರೆ ಆನ್ ಮಾಡುವಾಗ ‘ಆಪ್ಷನ್’ ಕೀ ಹಿಡಿದುಕೊಂಡರೆ ಡಿಸ್ಕುಗಳ ಸಾಲು ಕಾಣುತ್ತದೆ. ಸಿಡಿ ಡ್ರೈವ್ ಇದ್ದ ಹಳೆಯ ಮ್ಯಾಕ್‌ಗಳಲ್ಲಿ ‘ಸಿ’ ಹಿಡಿದರೆ ನೇರ ಸಿಡಿಯಿಂದಲೇ ಶುರು. ಆಪಲ್ ತನ್ನದೇ ಚಿಪ್ ಹಾಕಿದ ಹೊಸ ಮ್ಯಾಕ್‌ಗಳಲ್ಲಿ ಪವರ್ ಗುಂಡಿಯನ್ನೇ ಒತ್ತಿ ಹಿಡಿಯಬೇಕು.

ಬೂಟ್ ಮೆನುವೇ ಬೇರೆ, ಸೆಟಪ್ಪೇ ಬೇರೆ ಎಂಬುದನ್ನೂ ತಿಳಿದಿರಬೇಕು. ಬೂಟ್ ಮೆನುವಿನಲ್ಲಿ ಆರಿಸಿದ್ದು ಆ ಒಂದು ಸಲಕ್ಕೆ ಮಾತ್ರ. ಮುಂದಿನ ಸಲ ಯಂತ್ರ ತನ್ನ ಹಳೆಯ ದಾರಿ ಹಿಡಿಯುತ್ತದೆ. ಎಫ್2 ಅಥವಾ ಡಿಲೀಟ್ ಒತ್ತಿ ಹೋಗುವ ಸೆಟಪ್‌ನಲ್ಲಿ ಪಟ್ಟಿಯ ಕ್ರಮ ಬದಲಾಯಿಸಿದರೆ ಅದು ನಾವು ಮತ್ತೆ ಬದಲಾಯಿಸುವವರೆಗೂ ಹಾಗೇ ಇರುತ್ತದೆ. ಕಲಿಯುವವರಿಗೆ ಬೂಟ್ ಮೆನುವೇ ಕ್ಷೇಮ.

‘ನಾನೂ ಒತ್ತಿ ನೋಡಿದೆ, ಏನೂ ಬರಲಿಲ್ಲ’ ಎನ್ನುವವರು ಬಹಳ. ಕಾರಣಗಳು ಎರಡು–ಮೂರು. ಒಂದು, ಕಂಪನಿಯ ಲಾಂಛನ ಬಂದು ಹೋದ ಮೇಲೆ ಒತ್ತಿರುತ್ತಾರೆ. ಪವರ್ ಗುಂಡಿ ಒತ್ತಿದ ಕೂಡಲೇ ಆ ಕೀಯನ್ನು ಟಪಟಪನೆ ಒತ್ತುತ್ತಲೇ ಇರಬೇಕು. ಎರಡು, ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ ಕೀಗಳು ಧ್ವನಿ ಏರಿಸುವ, ಬೆಳಕು ಇಳಿಸುವ ಕೆಲಸ ಮಾಡುತ್ತವೆ. ಅಲ್ಲಿ ಎಫ್‌ಎನ್ ಕೀಯನ್ನೂ ಜೊತೆಗೆ ಒತ್ತಬೇಕಾಗಬಹುದು. ಮೂರು, ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬುದಿದೆ. ಶಟ್‌ಡೌನ್ ಮಾಡಿದರೂ ಯಂತ್ರ ಪೂರ್ತಿ ಮಲಗುವುದಿಲ್ಲ. ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಬೇಗ ಏಳುತ್ತದೆ. ಅದಕ್ಕೇ ವಿಂಡೋಸ್ ಇನ್ನೂ ಓಡುತ್ತಿದ್ದರೆ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪುಟದಲ್ಲಿ ‘ಯೂಸ್ ಎ ಡಿವೈಸ್’ ಎಂಬ ಆಯ್ಕೆ ಇದ್ದರೆ ಅಲ್ಲಿಂದಲೇ ಪೆನ್‌ಡ್ರೈವ್ ಆರಿಸಬಹುದು. ಎಫ್ ಕೀಗಳ ಗೊಡವೆಯೇ ಇಲ್ಲ.

ಇನ್ನು ಡಿಸ್ಕಿನ ಮಾತು. ಹಿಂದೆ ಈ ಕೆಲಸಕ್ಕೆ ಫ್ಲಾಪಿ ಬೇಕಿತ್ತು. 1990ರ ದಶಕದ ನಡುವೆ ಸಿಡಿಯಿಂದಲೂ ಬೂಟ್ ಮಾಡುವ ಒಂದು ಸಾಮಾನ್ಯ ನಿಯಮವನ್ನು ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ರೂಪಿಸಿದವು. ಅದರ ಹೆಸರು ‘ಎಲ್ ಟೊರಿಟೊ’. ಆಮೇಲೆ ಬಂದದ್ದು ಲೈವ್ ಸಿಡಿ. ಜರ್ಮನಿಯ ಕ್ಲಾಸ್ ನಾಪ್ಪರ್ 2000ದಲ್ಲಿ ಹೊರತಂದ ‘ನಾಪ್ಪಿಕ್ಸ್’ ಇದನ್ನು ಜನಪ್ರಿಯಗೊಳಿಸಿತು. ಹಾರ್ಡ್ ಡಿಸ್ಕಿನಲ್ಲಿ ಒಂದಕ್ಷರವನ್ನೂ ಬರೆಯದೆ, ಇಡೀ ಆಪರೇಟಿಂಗ್ ಸಿಸ್ಟಮನ್ನು ಸಿಡಿಯಿಂದ ಮೆಮೊರಿಗೆ ತಂದು ಓಡಿಸುವುದು ಇದರ ಚಮತ್ಕಾರ. ಸಿಡಿ ತೆಗೆದು ರೀಸ್ಟಾರ್ಟ್ ಮಾಡಿದರೆ ಯಂತ್ರ ಹಿಂದಿದ್ದಂತೆಯೇ ಇರುತ್ತದೆ. 2004ರಲ್ಲಿ ಬಂದ ಉಬುಂಟು ಲಿನಕ್ಸ್‌ನ ಸಿಡಿಯನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿದ್ದರು. 2011ರಲ್ಲಿ ಆ ಯೋಜನೆ ನಿಂತಿತು. ನಮಗಿಂತ ಹತ್ತು–ಹದಿನೈದು ವರ್ಷ ಹಿರಿಯರಾದ ಎಂಜಿನಿಯರುಗಳನ್ನು ಕೇಳಿ ನೋಡಿ. ಪೋಸ್ಟ್‌ಮ್ಯಾನ್ ತಂದುಕೊಟ್ಟ ಆ ಸಿಡಿಯ ಕಥೆ ಕೆಲವರಾದರೂ ಹೇಳುತ್ತಾರೆ.

ಈಗ ಸಿಡಿಯ ಜಾಗಕ್ಕೆ ಪೆನ್‌ಡ್ರೈವ್ ಬಂದಿದೆ. ಎಂಟು ಜಿಬಿಯ ಪೆನ್‌ಡ್ರೈವ್ ಸಾಕು. ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಯಾವುದಾದರೂ ಒಂದರ ಐಎಸ್‌ಒ ಕಡತವನ್ನು ಅವರವರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ಅಥವಾ ಎಚ್ಚರ್ ಎಂಬ ಉಚಿತ ಪ್ರೋಗ್ರಾಮಿನಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಹಾಡನ್ನು ಕಾಪಿ ಮಾಡಿದಂತೆ ಐಎಸ್‌ಒ ಕಡತವನ್ನು ಕಾಪಿ ಮಾಡಿಟ್ಟರೆ ಅದು ಬೂಟ್ ಆಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದೂ ನೆನಪಿರಲಿ. ಡೆಬಿಯನ್‌ನ ಚಿತ್ರರೂಪದ ಇನ್‌ಸ್ಟಾಲರ್ ತೆರೆದರೆ ಮೊದಲ ಪುಟದಲ್ಲೇ ಭಾಷೆಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದಿದೆ. ಸಿ–ಡ್ಯಾಕ್ ಸಂಸ್ಥೆಯ ‘ಬಾಸ್’ ಲಿನಕ್ಸ್ ಭಾರತೀಯ ಭಾಷೆಗಳಿಗೆಂದೇ ರೂಪುಗೊಂಡದ್ದು.

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಹೋದ ವರ್ಷ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಕೊನೆಯ ವರ್ಷಗಳ ಫೋಟೊಗಳೆಲ್ಲ ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ. ಅದರ ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ಒಂದು ದಿನ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಆಮೇಲೆ ಕಪ್ಪು ಪರದೆ ಬಿಟ್ಟರೆ ಬೇರೇನೂ ಬರಲಿಲ್ಲ. ರಿಪೇರಿಗೆ ಕೊಟ್ಟ ಕಡೆ, ‘ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು, ಒಳಗಿರೋದು ಸಿಗಲ್ಲ’ ಎಂದರು. ದೊಡ್ಡಮ್ಮ ಅದನ್ನು ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. ನಾನು ಹೋದಾಗ ತೆಗೆದು ಕೊಟ್ಟು, ‘ಪುಟ್ಟೀ, ನೀನು ಇದನ್ನೇ ಓದ್ತಿದ್ದೀಯಲ್ಲೇ, ಒಂದ್ಸಲ ನೋಡು. ಆಗ್ಲಿಲ್ಲ ಅಂದ್ರೆ ಬಿಡು’ ಎಂದರು.

ಬೂಟ್ ಮೆನು ತೆಗೆದು ಪೆನ್‌ಡ್ರೈವ್‌ನಿಂದ ಮಿಂಟ್ ಶುರು ಮಾಡಿದೆ. ಹಾರ್ಡ್ ಡಿಸ್ಕಿನ ಚಿತ್ರ ಪಕ್ಕದಲ್ಲೇ ಕಾಣಿಸಿತು. ತೆರೆದರೆ ಎಲ್ಲವೂ ಇದ್ದಲ್ಲೇ ಇತ್ತು. ಕೆಟ್ಟಿದ್ದದ್ದು ವಿಂಡೋಸನ್ನು ಎಬ್ಬಿಸುವ ಕಡತಗಳು ಮಾತ್ರ. ಫೋಟೊಗಳನ್ನೆಲ್ಲ ಇನ್ನೊಂದು ಪೆನ್‌ಡ್ರೈವ್‌ಗೆ ತುಂಬಿಕೊಡಲು ಮುಕ್ಕಾಲು ಗಂಟೆ ಹಿಡಿಯಿತು. ತೋಟದಲ್ಲಿ ಅಡಿಕೆ ಗೊನೆ ಹಿಡಿದು ನಿಂತ ದೊಡ್ಡಪ್ಪನ ಫೋಟೊ ಪರದೆಯ ಮೇಲೆ ಬಂದಾಗ ದೊಡ್ಡಮ್ಮ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಕಾಫಿಗೆ ಇಟ್ಟರು.

ನನ್ನ ಕೈಚಳಕ ತೋರಿಸಲು ಇದನ್ನು ಬರೆಯುತ್ತಿಲ್ಲ. ಇದರಲ್ಲಿ ಕೈಚಳಕವೇ ಇಲ್ಲ. ಗ್ಯಾಸ್ ಸಿಲಿಂಡರ್‌ಗೆ ರೆಗ್ಯುಲೇಟರ್ ಹಾಕುವಷ್ಟೇ ಸುಲಭದ ಕೆಲಸ ಇದು. ಆ ಮನೆಯಲ್ಲಿ ಪಿಯುಸಿ ಓದಿದವರಿದ್ದಾರೆ, ಡಿಗ್ರಿ ಮುಗಿಸಿದವರಿದ್ದಾರೆ. ಅವರಲ್ಲಿ ಯಾರೂ ಇದನ್ನು ಮಾಡಬಹುದಿತ್ತು. ಇಂಥದ್ದೊಂದು ಬಾಗಿಲು ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ನಮಗಾದರೂ ಯಾರು ಹೇಳಿದರು? ಆಪರೇಟಿಂಗ್ ಸಿಸ್ಟಮ್ಸ್ ವಿಷಯದಲ್ಲಿ ನಾವು ಡೆಡ್‌ಲಾಕ್ ಓದುತ್ತೇವೆ, ಬ್ಯಾಂಕರ್ಸ್ ಅಲ್ಗಾರಿದಮ್‌ನ ಲೆಕ್ಕ ಬಿಡಿಸುತ್ತೇವೆ, ಪೇಜ್ ರಿಪ್ಲೇಸ್‌ಮೆಂಟ್‌ಗೆ ಕೋಷ್ಟಕ ಹಾಕುತ್ತೇವೆ. ಬೂಟ್‌ಸ್ಟ್ರಾಪ್ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಒಂದೆರಡು ಪ್ಯಾರಾ. ಪರೀಕ್ಷೆಯಲ್ಲಿ ಬಂದರೆ ಬರೆದು ಅಂಕ ತಗೊಳ್ಳುತ್ತೇವೆ. ಲ್ಯಾಬಿಗೆ ಹೋದರೆ ಯಂತ್ರಗಳು ಮೊದಲೇ ಆನ್ ಆಗಿ ಕಾಯುತ್ತಿರುತ್ತವೆ. ಅವುಗಳನ್ನು ಎಬ್ಬಿಸುವ ಕೆಲಸ ನಮ್ಮದಲ್ಲ. ಸಿ ಪ್ರೋಗ್ರಾಂ ಬರೆಯಬಲ್ಲ, ಪೈಥಾನ್‌ನಲ್ಲಿ ಮಷೀನ್ ಲರ್ನಿಂಗ್ ಮಾಡಬಲ್ಲ ಹುಡುಗ ಹುಡುಗಿಯರು ತಮ್ಮ ಲ್ಯಾಪ್‌ಟಾಪ್ ಎದ್ದೇಳದಿದ್ದರೆ ಮೊದಲು ಅಂಗಡಿಯ ದಾರಿ ಹಿಡಿಯುವುದನ್ನು ನಾನು ನನ್ನ ತರಗತಿಯಲ್ಲೇ ಕಾಣುತ್ತೇನೆ. ಅಡುಗೆಯ ಪುಸ್ತಕವನ್ನು ಬಾಯಿಪಾಠ ಮಾಡಿದವರಿಗೆ ಒಲೆ ಹೊತ್ತಿಸಲು ಬರದಿದ್ದ ಹಾಗೆ.

ಈ ಮಾತನ್ನು ಈಗಲೇ ಹೇಳಬೇಕಾದ ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ ಇನ್ನೊಂದು ವರ್ಷ ಸಿಗುತ್ತದೆ ಎಂದು ಕಂಪನಿ ಹೇಳಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಆಮೇಲಿನದ್ದಾಗಿರಬೇಕು. ಅಂದರೆ 2017ಕ್ಕಿಂತ ಮೊದಲಿನ ಯಂತ್ರಗಳು ಬಹುಪಾಲು ಹೊರಗೆ. ಅವು ಕೆಟ್ಟಿಲ್ಲ. ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ. ಆದರೂ ‘ಇದು ಹಳೇದಾಯ್ತು, ಹೊಸದು ತಗೊಳ್ಳಿ’ ಎಂಬ ಮಾತು ಶುರುವಾಗಿದೆ.

ಬೆಂಗಳೂರಿನಲ್ಲಿ ಸಂಬಳ ಬರುವ ಮನೆಗೆ ಅದು ಸಣ್ಣ ಮಾತಿರಬಹುದು. ಹೊನ್ನಾಳಿಯಿಂದ ಬೇರೆಯಾಗಿ ಈಚೆಗಷ್ಟೇ ತಾಲ್ಲೂಕಾದ ನಮ್ಮ ನ್ಯಾಮತಿಯಲ್ಲಿ ಹಾಗಲ್ಲ. ಇಲ್ಲಿ ಮೆಕ್ಕೆಜೋಳದ ದರ ನೋಡಿಕೊಂಡು ಮಕ್ಕಳ ಫೀಸು ಕಟ್ಟುವ ಮನೆಗಳಿವೆ. ಅಣ್ಣನಿಗೆ ಕಾಲೇಜಿಗೆಂದು ಕೊಡಿಸಿದ ಲ್ಯಾಪ್‌ಟಾಪ್ ಆಮೇಲೆ ತಂಗಿಗೆ ಬರುತ್ತದೆ, ಅವಳಿಂದ ಚಿಕ್ಕಪ್ಪನ ಮಗನಿಗೆ. ಮನೆಯಲ್ಲಿರುವುದು ಅದೊಂದೇ. ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಆಪ್ಷನ್ ಎಂಟ್ರಿ, ಪಹಣಿ ತೆಗೆಯುವುದು ಎಲ್ಲವೂ ಅದರಲ್ಲೇ. ಅಂಥ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಒಂದೇ ಒಂದು ಸಲ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ನೋಡಿ. ನಾಲ್ಕು ಜಿಬಿ ಮೆಮೊರಿಯ ಹಳೆಯ ಯಂತ್ರದಲ್ಲೂ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ತಕ್ಕಮಟ್ಟಿಗೆ ಓಡುತ್ತದೆ. ಹಿಡಿಸಿದರೆ ಇನ್‌ಸ್ಟಾಲ್ ಮಾಡಿ. ಹಿಡಿಸದಿದ್ದರೆ ಪೆನ್‌ಡ್ರೈವ್ ತೆಗೆಯಿರಿ. ಕಳೆದುಕೊಂಡದ್ದು ಅರ್ಧ ಗಂಟೆ.

ಶಾಲೆಗಳ ವಿಷಯಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಲ್ಯಾಬುಗಳು ಬಂದದ್ದು ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆಯಲ್ಲಿ. ಅದಕ್ಕೆ ಬಳಸಿದ ಗುತ್ತಿಗೆಯ ಪದ್ಧತಿಯ ಹೆಸರೂ ಬೂಟ್! ಆ ಬೂಟ್ ಬೇರೆ: ಕಟ್ಟು, ಒಡೆತನ ಇಟ್ಟುಕೋ, ನಡೆಸು, ಹಸ್ತಾಂತರಿಸು ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಖಾಸಗಿ ಕಂಪನಿ ಲ್ಯಾಬು ಕಟ್ಟಿ, ತನ್ನ ಬೋಧಕರನ್ನಿಟ್ಟು ಗುತ್ತಿಗೆಯ ಅವಧಿಯವರೆಗೆ ನಡೆಸಿ, ಕೊನೆಗೆ ಶಾಲೆಗೆ ಒಪ್ಪಿಸಬೇಕು. ಒಪ್ಪಿಸುವಾಗ ಮೇಜು, ಕುರ್ಚಿ, ಮಾನಿಟರ್, ಯುಪಿಎಸ್ ಎಲ್ಲವನ್ನೂ ಎಣಿಸಿ ಕೊಡಬಹುದು. ಯಂತ್ರ ನಿಂತುಹೋದರೆ ಮತ್ತೆ ಎಬ್ಬಿಸುವುದು ಹೇಗೆಂಬ ತಿಳಿವಳಿಕೆಯನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಕಂಪನಿಯ ಬೋಧಕರು ಹೋದ ಮೇಲೆ ಉಳಿಯುವವರು ಗಣಿತದ ಮೇಷ್ಟ್ರು, ವಿಜ್ಞಾನದ ಮೇಡಂ. ಅವರಿಗೆ ಆ ಕೀ ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ವೈರಸ್ ಸಾಕು, ಲ್ಯಾಬಿಗೆ ಬೀಗ ಬೀಳಲು.

ಇದನ್ನು ಮೊದಲೇ ಕಂಡವರೂ ನಮ್ಮಲ್ಲಿದ್ದಾರೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಜೊತೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ನಡೆಸಿ, ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು ಬಳಸಲು ಕಲಿಸಿತು. ಜಿಯೋಜೀಬ್ರಾದಂಥ ಉಚಿತ ತಂತ್ರಾಂಶಗಳನ್ನು ಪಾಠಕ್ಕೆ ಬಳಸಿ, ತಮ್ಮ ಪಾಠಸಾಮಗ್ರಿಯನ್ನು ತಾವೇ ಕನ್ನಡದಲ್ಲಿ ಮಾಡಿಕೊಳ್ಳುವುದನ್ನು ಅಲ್ಲಿ ರೂಢಿಸಿದರು. ಆ ಕೆಲಸ ಎಲ್ಲ ಶಾಲೆಗಳಿಗೂ ಹಬ್ಬಿ, ಮಕ್ಕಳವರೆಗೂ ಇಳಿಯಬೇಕಿತ್ತು.

ಮಕ್ಕಳವರೆಗೆ ಇಳಿದದ್ದನ್ನು ನೋಡಬೇಕೆಂದರೆ ಗಡಿಯಾಚೆಯ ಕಾಸರಗೋಡಿಗೆ ಹೋಗಬೇಕು. ಕೇರಳದಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಈಗ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿದೆ. ಅಲ್ಲಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಲ್ಯಾಬುಗಳಲ್ಲಿ ಓಡುವುದು ಅವರೇ ಹದಗೊಳಿಸಿಕೊಂಡ ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕನ್ನಡ ಶಾಲೆಗಳ ಉಳಿವಿಗಾಗಿ ಅಲ್ಲಿಯ ಕನ್ನಡಿಗರು ಪಡುತ್ತಿರುವ ಪಾಡು ನಮಗೆ ಗೊತ್ತು. ಅಂಥ ಕಡೆಯಲ್ಲಿ ಕನ್ನಡದ ಹುಡುಗಿಯೊಬ್ಬಳು ಕನ್ನಡದ ಪುಸ್ತಕ ಹಿಡಿದು ಲಿನಕ್ಸ್ ಕಲಿಯಬಹುದಾದರೆ ದಾವಣಗೆರೆ ಜಿಲ್ಲೆಯಲ್ಲಿ ಏಕಾಗದು?

ನನ್ನ ಮಾತಿಗೆ ಬರುವ ಆಕ್ಷೇಪಗಳೂ ನನಗೆ ಗೊತ್ತು. ಮೊದಲನೆಯದು: ‘ಇದನ್ನು ಎಲ್ಲರಿಗೂ ಕಲಿಸಿದರೆ ಕಳ್ಳರಿಗೂ ಕಲಿಸಿದಂತಾಗುವುದಿಲ್ಲವೇ?’ ಪ್ರಶ್ನೆ ಸರಿಯಾದದ್ದೇ. ನಾನು ದೊಡ್ಡಪ್ಪನ ಫೋಟೊ ತೆಗೆದ ದಾರಿಯಲ್ಲೇ ಬೇರೆಯವರು ನಿಮ್ಮ ಕಡತ ತೆಗೆಯಬಹುದು. ವಿಂಡೋಸಿನ ಲಾಗಿನ್ ಪಾಸ್‌ವರ್ಡ್ ಇದನ್ನು ತಡೆಯುವುದಿಲ್ಲ. ಆದರೆ ಕಳ್ಳರಿಗೆ ಇದು ಈಗಾಗಲೇ ಗೊತ್ತು. ಗೊತ್ತಿಲ್ಲದೆ ಇರುವವರು ಮನೆಯವರು. ಲ್ಯಾಪ್‌ಟಾಪ್ ಪಾಸ್‌ವರ್ಡ್ ಇದೆ, ಇನ್ನು ಭಯವಿಲ್ಲ ಎಂದು ಅದನ್ನು ಯಾರ ಕೈಗೋ ಕೊಟ್ಟು ಬರುತ್ತಾರೆ. ಬೂಟ್ ಮೆನು ಕಂಡವರಿಗೆ ಮಾತ್ರ ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವುದು ಏಕೆ ಬೇಕು, ಸೆಟಪ್‌ಗೆ ಪಾಸ್‌ವರ್ಡ್ ಏಕೆ ಬೇಕು ಎಂದು ಅರ್ಥವಾಗುತ್ತದೆ.

ಅದೇ ಕಾರಣಕ್ಕೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈಗಿನ ಅನೇಕ ವಿಂಡೋಸ್ 11 ಯಂತ್ರಗಳಲ್ಲಿ ಬಿಟ್‌ಲಾಕರ್ ಬಗೆಯ ಗೂಢಲಿಪಿ ತಾನಾಗಿಯೇ ಚಾಲೂ ಆಗಿರುತ್ತದೆ. ಅಂಥದ್ದರಲ್ಲಿ ಪೆನ್‌ಡ್ರೈವ್‌ನಿಂದ ಎದ್ದರೂ ಕೀಲಿ ಇಲ್ಲದೆ ಕಡತಗಳು ತೆರೆಯುವುದಿಲ್ಲ. ಸೆಟಪ್‌ಗೆ ಹೋಗಿ ಸೆಕ್ಯೂರ್ ಬೂಟ್ ಮುಂತಾದವನ್ನು ತಿರುಚಿದರೆ ಮರುದಿನ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಿ ಕೂರಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲು ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದುವರಿಯಿರಿ. ಲೈವ್ ಪರದೆಯಲ್ಲಿ ‘ಇನ್‌ಸ್ಟಾಲ್’ ಎಂದು ಬರೆದ ಚಿತ್ರದ ಹತ್ತಿರ, ಏನು ಮಾಡುತ್ತಿದ್ದೇವೆಂದು ತಿಳಿಯದೆ ಹೋಗಬೇಡಿ. ‘ಡಿಸ್ಕ್ ಅಳಿಸು’ ಎಂಬ ಆಯ್ಕೆ ಒತ್ತಿದರೆ ನಿಜವಾಗಿಯೂ ಅಳಿಸುತ್ತದೆ.

ಎರಡನೆಯ ಆಕ್ಷೇಪ: ‘ಲಿನಕ್ಸ್‌ನಲ್ಲಿ ನಮ್ಮ ಕೆಲಸ ನಡೆಯುವುದಿಲ್ಲ. ಟ್ಯಾಲಿ ಬೇಕು, ನುಡಿ ಬೇಕು’. ಕೆಲವು ಕೆಲಸಗಳಿಗೆ ಇದು ನಿಜ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲೇ ಇದ್ದರೆ ವಿಂಡೋಸ್ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಕನ್ನಡ ಬರೆಯಲು ತೊಂದರೆಯಿಲ್ಲ. ನುಡಿಯವರಿಗೆ ರೂಢಿಯಾದ ಕಗಪ ವಿನ್ಯಾಸದ ಕನ್ನಡ ಕೀಲಿಮಣೆ ಉಬುಂಟು, ಮಿಂಟ್‌ಗಳ ಜೊತೆಗೇ ಬರುತ್ತದೆ. ಯುನಿಕೋಡ್‌ನಲ್ಲಿ ಬರೆದದ್ದು ಎಲ್ಲ ಕಡೆ ಓದಲು ಸಿಗುತ್ತದೆ. ಇಷ್ಟಕ್ಕೂ ನಾನು ಲಿನಕ್ಸ್ ಮಾರಲು ಹೊರಟಿಲ್ಲ, ಅದಕ್ಕೆ ಬೆಲೆಯೇ ಇಲ್ಲ! ವಿಂಡೋಸನ್ನೇ ಮತ್ತೆ ಹಾಕಿಕೊಳ್ಳಬೇಕೆಂದರೂ ಬೇಕಾಗುವುದು ಅದೇ ಬೂಟ್ ಮೆನು, ಅದೇ ಪೆನ್‌ಡ್ರೈವ್.

ಮೂರನೆಯದು ನನ್ನ ಗೆಳತಿಯೇ ಕೇಳಿದ್ದು: ‘ಎಲ್ಲರೂ ತಾವೇ ಮಾಡಿಕೊಂಡರೆ ಅಂಗಡಿ ಇಟ್ಟವರು ಏನು ಮಾಡಬೇಕು?’ ಅಂಗಡಿಯವರ ಬಗ್ಗೆ ನನಗೆ ಗೌರವವಿದೆ. ಅವರಲ್ಲಿ ಹೆಚ್ಚಿನವರು ಯಾವ ಕಾಲೇಜಿನ ಹಂಗೂ ಇಲ್ಲದೆ ಕೈಯಿಂದಲೇ ಕಲಿತವರು. ಚಿಪ್ ಬೆಸುಗೆ, ಪರದೆ ಬದಲಾವಣೆ, ಚಾರ್ಜಿಂಗ್ ಜಾಕ್ ರಿಪೇರಿಗೆ ಅವರೇ ಬೇಕು. ಸೈಕಲ್ ಪಂಕ್ಚರ್ ಹಾಕಲು ಬರುವವರು ಊರಲ್ಲಿ ಎಷ್ಟೇ ಇದ್ದರೂ ಸೈಕಲ್ ಶಾಪುಗಳು ಮುಚ್ಚಿಲ್ಲ. ಗಿರಾಕಿಗೆ ಒಂದಿಷ್ಟು ತಿಳಿದಿದ್ದರೆ, ‘ಮೊದಲು ನನ್ನ ಫೈಲ್ ತೆಗೆದುಕೊಡಿ, ಆಮೇಲೆ ಫಾರ್ಮ್ಯಾಟ್ ಮಾಡಿ’ ಎಂದು ಹೇಳಲು ಬಾಯಿ ಬರುತ್ತದೆ. ಒಳ್ಳೆಯ ಅಂಗಡಿಯವರಿಗೆ ಇಂಥ ಗಿರಾಕಿಯಿಂದ ನಷ್ಟವಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಬೇಡ, ಟೆಂಡರ್ ಬೇಡ. ಎಂಟು ಅಥವಾ ಒಂಬತ್ತನೇ ತರಗತಿಯಲ್ಲಿ ವರ್ಷಕ್ಕೆ ಎರಡು ಪೀರಿಯಡ್ ಸಾಕು. ಮೊದಲ ಪೀರಿಯಡ್ಡಿನಲ್ಲಿ ಕಂಪ್ಯೂಟರ್ ಹೇಗೆ ಏಳುತ್ತದೆ ಎಂಬ ಪಾಠ. ಎರಡನೆಯದರಲ್ಲಿ ಪ್ರತಿ ಮಗುವೂ ತನ್ನ ಕೈಯಾರೆ ಬೂಟ್ ಮೆನು ತೆಗೆದು, ಪೆನ್‌ಡ್ರೈವ್‌ನಿಂದ ಶುರು ಮಾಡಿ, ಹಾರ್ಡ್ ಡಿಸ್ಕಿನ ಒಂದು ಕಡತ ತೆರೆದು, ಮತ್ತೆ ಸರಿಯಾಗಿ ಮುಚ್ಚಬೇಕು. ಲ್ಯಾಬಿನ ಪ್ರತಿ ಯಂತ್ರದ ಮೇಲೆ ಅದರ ಬೂಟ್ ಕೀ ಯಾವುದೆಂದು ಬರೆದ ಒಂದು ಚೀಟಿ ಅಂಟಿಸಬೇಕು. ಶಾಲೆಗೊಂದರಂತೆ ಎರಡು ಪೆನ್‌ಡ್ರೈವ್ ಇಟ್ಟರೆ ಮುಗಿಯಿತು. ಸಿಡಿ ಡ್ರೈವ್ ಇರುವ ಹಳೆಯ ಡೆಸ್ಕ್‌ಟಾಪ್ ಯುಎಸ್‌ಬಿಯಿಂದ ಏಳದಿದ್ದರೆ ಒಂದು ಡಿವಿಡಿ ಬರೆದುಕೊಡಬಹುದು.

ಕಲಿಸುವವರು ಯಾರು ಎಂದು ಕೇಳಬೇಡಿ. ನಾವಿದ್ದೇವೆ. ಶಿವಮೊಗ್ಗ, ದಾವಣಗೆರೆಗಳಲ್ಲಿ ಎಂಜಿನಿಯರಿಂಗ್ ಓದುತ್ತಾ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರಿನ ಮನೆಗಳಿಗೆ ಬಂದು ಹೋಗುವ ನೂರಾರು ಮಂದಿ ಇದ್ದೇವೆ. ಸೆಮಿಸ್ಟರ್ ಮುಗಿದ ರಜೆಯಲ್ಲಿ ನಾವು ಓದಿದ ಹೈಸ್ಕೂಲಿಗೆ ಒಂದು ಮಧ್ಯಾಹ್ನ ಹೋಗಿ ಬರುವುದು ಕಷ್ಟವಲ್ಲ. ನಾನು ಓದಿದ ಶಾಲೆಯ ಮೇಷ್ಟ್ರನ್ನು ಕೇಳಿದ್ದೇನೆ. ‘ಶನಿವಾರ ಬಾರಮ್ಮ, ಹನ್ನೊಂದು ಗಂಟೆಗೆ ಲ್ಯಾಬು ಖಾಲಿ ಇರುತ್ತೆ. ಆದರೆ ಹತ್ತರಲ್ಲಿ ನಾಲ್ಕು ಕಂಪ್ಯೂಟರ್ ಆನ್ ಆಗಲ್ಲ’ ಎಂದಿದ್ದಾರೆ. ಎರಡು ಪೆನ್‌ಡ್ರೈವ್ ಸಿದ್ಧ ಮಾಡಿಟ್ಟಿದ್ದೇನೆ. ಆ ನಾಲ್ಕರಿಂದಲೇ ಪಾಠ ಶುರು ಮಾಡಬೇಕೆಂದಿದ್ದೇನೆ.